ಪಾಸ್‌ಪೋರ್ಟಿನಲ್ಲಿಲ್ಲದ ಸೊಸೆ

ನಾನು ನಿಂತಿದ್ದದ್ದು ಬೀದರಿನ ಒಂದು ಸರಕಾರಿ ಕಚೇರಿಯ ಹಿಂಬದಿಯ ವರಾಂಡದಲ್ಲಿ, ವಿದೇಶಿಯರ ಕಾಗದಪತ್ರ ನೋಡುವ ಕೋಣೆಯ ಕಿಟಕಿಯ ಎಡಕ್ಕೆ. ಎರಡು ವರ್ಷದ ಹಿಂದಿನ ಜೂನ್ ತಿಂಗಳು. ಮೃಗಶಿರ ಮಳೆ ಬಿದ್ದ ಮಾರನೆಯ ದಿನ, ಸೋಮವಾರ. ಬೆಳಿಗ್ಗೆ ಹನ್ನೊಂದು ದಾಟಿತ್ತು. ನನ್ನ ಬಲಕ್ಕೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ, ನನ್ನ ಹೆಂಡತಿ ನಿಂತಿದ್ದಳು. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಬೇರೆ ಅರ್ಜಿದಾರರು ಇರಲಿಲ್ಲ.

ಒಳಗಿನಿಂದ ಗುಮಾಸ್ತರು ಒಂದು ಹೆಸರು ಕರೆದರು. ಯಾರೂ ಹೋಗಲಿಲ್ಲ. ಮತ್ತೊಮ್ಮೆ ಕರೆದರು. ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹೆಂಡತಿ ನೀರು ನಿಂತ ಅಂಗಳವನ್ನೇ ನೋಡುತ್ತಿದ್ದಳು. ಆಮೇಲೆ ಗುಮಾಸ್ತರು ಎದ್ದು ಕಿಟಕಿಯ ಹತ್ತಿರ ಬಂದರು. ಕೈಯಲ್ಲಿದ್ದ ಫೋಟೊ ನೋಡಿದರು, ಅವಳನ್ನು ನೋಡಿದರು.

"ಈ ಫೋಟೊ ನಿಮ್ದೇ ಹೌದಿಲ್ರಿ?"

"ನಂದೇ ರಿ."

"ಮತ್ತ ಕರದ್ರ ಯಾಕ ಬರ್ಲಿಲ್ಲ? ಇದು ನಿಮ್ಮ ಹೆಸರಲ್ಲೇನು?"

ಅವಳು, ಹೌದು, ಅದು ತನ್ನದೇ ಹೆಸರು, ಆದರೆ ಹಾಗೆ ಕರೆದದ್ದನ್ನು ಕೇಳಿ ಬಹಳ ದಿನವಾಗಿತ್ತು ಎಂದಳು. ಹೇಳಿದ್ದು ಅಚ್ಚ ಭಾಲ್ಕಿ ಕನ್ನಡದಲ್ಲಿ. ಗುಮಾಸ್ತರ ಮುಖ ಇನ್ನಷ್ಟು ಗಂಭೀರವಾಯಿತು. ಶ್ರೀಲಂಕೆಯ ಪಾಸ್‌ಪೋರ್ಟ್, ಭಾಲ್ಕಿಯ ಮಾತು, ತನ್ನ ಹೆಸರಿಗೆ ತಿರುಗಿ ನೋಡದ ಹೆಂಗಸು. ಅವರ ಜಾಗದಲ್ಲಿ ನಾನಿದ್ದರೂ ಅನುಮಾನಪಡುತ್ತಿದ್ದೆ. ನನ್ನನ್ನು ಅಲ್ಲಾಡಿಸಿದ್ದು ಅವರ ಅನುಮಾನವಲ್ಲ. ಅವಳ ಗಂಡನಾಗಿ ಪಕ್ಕದಲ್ಲೇ ನಿಂತಿದ್ದ ನಾನೂ ಆ ಹೆಸರಿಗೆ ಬೇರೆಯವರನ್ನು ಹುಡುಕಿದೆನಲ್ಲ, ಅದು.

ನಾವು ಒಬ್ಬರನ್ನೊಬ್ಬರು ಕಂಡದ್ದು ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ. ನಾನು ಅಲ್ಲಿ ಯಂತ್ರಗಳ ದುರಸ್ತಿ ನೋಡುತ್ತಿದ್ದೆ, ಅವಳು ನರ್ಸ್. ಇಬ್ಬರದೂ ಬೌದ್ಧ ಮನೆತನ. ಅವರದು ನೂರಾರು ತಲೆಮಾರಿನದು, ನಮ್ಮದು ಅಜ್ಜನ ಕಾಲದ್ದು. ಅವಳ ತಾಯಿ ಇದನ್ನು ಕೇಳಿ ನಕ್ಕು, ಪರವಾಗಿಲ್ಲ, ತಡವಾಗಿ ಬಂದವರಿಗೂ ಊಟ ಇರುತ್ತದೆ ಎಂದಿದ್ದರಂತೆ. ನನ್ನ ತಾಯಿಗೆ ವಯಸ್ಸಾಗಿತ್ತು, ನನಗೆ ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅದೇ ಕೆಲಸ ಸಿಕ್ಕಿತು. ಹೀಗಾಗಿ ಇಬ್ಬರೂ ಭಾಲ್ಕಿಯ ನಮ್ಮ ಮನೆಗೆ ಬಂದು ನೆಲೆಸಿದೆವು. ನಾನು ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಬೀದರಿಗೆ ಹೋಗಿ ಬರುತ್ತಿದ್ದೆ. ಅವಳ ವೀಸಾದಲ್ಲಿ ಇಲ್ಲಿ ಕೆಲಸ ಮಾಡಲು ಅನುಮತಿ ಇರಲಿಲ್ಲ. ಅವಳು ನನ್ನ ತಾಯಿಯ ಜೊತೆ ಮನೆಯಲ್ಲಿದ್ದಳು.

ಮದುವೆ ಆದದ್ದು ಔರಾದಿನಲ್ಲಿ, ನನ್ನ ಸೋದರಮಾವನ ಊರಿನಲ್ಲಿ. ಮಾವ ನಿವೃತ್ತ ಮೇಷ್ಟ್ರು. ತಂದೆಯಿಲ್ಲದ ನನಗೆ ಮದುವೆ ಮಾಡಿಸುವ ಹಕ್ಕು ತನ್ನದೆಂದು ಅವರ ಹಟ. ವಿಹಾರದಲ್ಲಿ ಸರಳವಾಗಿ ಮುಗಿಯಿತು. ಮುಹೂರ್ತವಿಲ್ಲ, ಹೋಮವಿಲ್ಲ, ವರದಕ್ಷಿಣೆಯ ಮಾತಿಲ್ಲ. ಆದರೆ ಮನೆಗೆ ಬಂದ ಮೇಲೆ ಮಾವ ಒಂದು ತಾಟಿನಲ್ಲಿ ಅಕ್ಕಿ ಹರಡಿಸಿದರು. ನಮ್ಮ ಕಡೆ, ಮರಾಠಿ ಸೀಮೆಯ ಅಂಚಿನ ಊರುಗಳಲ್ಲಿ, ಮನೆ ತುಂಬಿದ ಹೆಣ್ಣಿಗೆ ಹೊಸ ಹೆಸರಿಡುತ್ತಾರೆ. ಆ ಹೆಸರನ್ನು ಅಕ್ಕಿಯ ಮೇಲೆ ಬೆರಳಿನಿಂದ ಬರೆಯುತ್ತಾರೆ. ಅದೆಲ್ಲ ಬಿಟ್ಟೆವಲ್ಲ ಮಾವ ಎಂದು ನಾನು ಅಂದೆ. ಬಾಕಿ ಎಲ್ಲ ಬಿಟ್ಟಿದ್ದೇವೆ, ಇದೊಂದು ಇರಲಿ ಎಂದರು. ಚೆಂದದ ಹೆಸರು. ಅವಳಿಗೂ ಇಷ್ಟವಾಯಿತು. ಅವಳ ಪಾಸ್‌ಪೋರ್ಟಿನ ಹೆಸರು ಎರಡು ಸಾಲು ಹಿಡಿಯುತ್ತದೆ. ಅವರಲ್ಲಿ ಮನೆತನದ ಹೆಸರು ಮೊದಲು ಬಂದು, ಕರೆಯುವ ಹೆಸರು ಕೊನೆಗೆ ಬರುತ್ತದೆ. ಅದನ್ನು ಪೂರ್ತಿ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಕ್ಕಿಯ ಮೇಲಿನ ಹೆಸರು ಮೂರೇ ಅಕ್ಷರ. ವಾರದೊಳಗೆ ಓಣಿಗೆ ಓಣಿಯೇ ಅದನ್ನು ಕಲಿಯಿತು.

ಇಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಮದುವೆಯ ನೋಂದಣಿಗೆ ಔರಾದಿನಲ್ಲಿ ಓಡಾಡಿದವರು ಮಾವ. ನಮೂನೆ ತುಂಬಿದವರೂ ಅವರೇ. ವಧುವಿನ ಹೆಸರು ಎಂದಿದ್ದ ಕಡೆ ತಾವಿಟ್ಟ ಹೆಸರನ್ನು, ಅದರ ಮುಂದೆ ನನ್ನ ಹೆಸರನ್ನು, ನಮ್ಮ ಅಡ್ಡಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದರು. ನಾನು ಓದಿ ಸಹಿ ಮಾಡಿದೆ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹೀಗೆ ನನ್ನ ಹೆಂಡತಿ ಇಬ್ಬರಾದಳು. ಪಾಸ್‌ಪೋರ್ಟಿನಲ್ಲಿ ಒಬ್ಬಳು, ಮದುವೆಯ ಪ್ರಮಾಣಪತ್ರದಲ್ಲಿ ಇನ್ನೊಬ್ಬಳು. ವೀಸಾದ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಆನ್‌ಲೈನ್ ಅರ್ಜಿ ಹಾಕಿದಾಗ ಇದು ಮೊದಲ ಸಲ ಎದುರಾಯಿತು. ಜಾಲತಾಣ ಪಾಸ್‌ಪೋರ್ಟ್ ಹಾಕಿ ಎಂದಿತು, ಹಾಕಿದೆ. ಫೋಟೊದ ಹಿನ್ನೆಲೆ ಬಿಳಿ ಇಲ್ಲ ಎಂದಿತು. ನಮ್ಮ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೂ ಅದರ ಲೆಕ್ಕದಲ್ಲಿ ಅದು ಬಿಳಿಯಲ್ಲ. ಕಡತದ ಗಾತ್ರ ದೊಡ್ಡದು ಎಂದಿತು. ಕಿರಿದು ಮಾಡಿದರೆ ಅಕ್ಷರ ಕಾಣುತ್ತಿಲ್ಲ ಎಂದಿತು. ಹೆಸರು ಹೊಂದುತ್ತಿಲ್ಲ ಎಂದಿತು. ಇಬ್ಬರೂ ಒಬ್ಬಳೇ ಎಂದು ನೋಟರಿಯಿಂದ ಪ್ರಮಾಣಪತ್ರ ಬರೆಸಿ ಹಾಕಿದೆ. ಅರ್ಜಿ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಪರಿಶೀಲನೆಗೆ ಬೀದರಿಗೆ, ಬೀದರಿನಿಂದ ಭಾಲ್ಕಿಗೆ. ವರದಿ ಅದೇ ದಾರಿಯಲ್ಲಿ ತಿರುಗಿ ಹೋಗುತ್ತದೆ. ಹೈದರಾಬಾದ್ ನಮಗೆ ಮಗ್ಗುಲಲ್ಲೇ ಇದೆ. ಅಲ್ಲಿನ ಕಚೇರಿಗೆ ಹೋಗಿ ಕೇಳಿದರೆ ನೀವು ಕರ್ನಾಟಕದವರು ಎಂದು ಕಳಿಸುತ್ತಾರೆ.

ವಿದೇಶಿಯರು ಯಾರ ಮನೆಯಲ್ಲಿ ಮಲಗಿದರೂ ಆ ಮನೆಯವರು ಪೊಲೀಸರಿಗೆ ತಿಳಿಸಬೇಕು ಎಂಬ ನಿಯಮವೂ ಇದೆ. ಔರಾದಿನಲ್ಲಿ ಒಂದು ಮದುವೆಗೆ ಹೋಗಿ ಎರಡು ರಾತ್ರಿ ಉಳಿಯುವುದಿತ್ತು. ಈ ನಿಯಮವನ್ನು ಮಾವನಿಗೆ ಹೇಳಿದೆ. ಅವರು ಊಟದ ತಾಟಿನಿಂದ ಕೈ ತೆಗೆದರು.

"ಮನಿ ಮಗಳು ಮನಿಗಿ ಬಂದ್ರ ಠಾಣಾಕ್ಕ ಹೇಳ್ಬೇಕಾ? ಹಂಗಾದ್ರ ಅಳಿಯ ಬಂದ್ರೂ ಹೇಳ್ತೀನಿ ತಡಿ. ಎರಡು ದಿನಾ ಅಂತ ಬಂದು ಎಂಟು ದಿನಾ ಕುಂಡ್ರಾಂವ ಅವನೇ."

ಅಳಿಯನೆಂದರೆ ನಾನು. ಆ ರಾತ್ರಿಯೇ ಅವರ ಹೆಸರಿನಲ್ಲಿ ಮೊಬೈಲಿನಲ್ಲಿ ನಮೂನೆ ತುಂಬಿದೆ. ಅವರಿಗೆ ಹೇಳಲಿಲ್ಲ.

ಆ ಸೋಮವಾರ ಬೀದರಿನ ಕಿಟಕಿಯ ಮುಂದೆ ನಮಗೆ ತಿಳಿದದ್ದು ಇದು: ಪರಿಶೀಲನಾ ವರದಿಯಲ್ಲಿ, ಈ ಹೆಸರಿನ ವಿದೇಶಿ ಮಹಿಳೆ ಸದರಿ ವಿಳಾಸದಲ್ಲಿ ವಾಸವಿಲ್ಲ ಎಂದು ಬರೆದಿತ್ತು. ಮನೆಯವರನ್ನೂ ಅಕ್ಕಪಕ್ಕದವರನ್ನೂ ವಿಚಾರಿಸಲಾಗಿದೆ ಎಂದೂ ಇತ್ತು. ನಾನು ಅದು ಸುಳ್ಳು ಎಂದೆ. ಗುಮಾಸ್ತರು ಸಿಟ್ಟಾಗಲಿಲ್ಲ. ಮನೆಗೆ ಹೋಗಿ ಕೇಳಿ ನೋಡಿರಿ ಎಂದರು.

ಅದೇ ಸಂಜೆ ಭಾಲ್ಕಿಯಲ್ಲಿ ಅವ್ವನನ್ನು ಕೇಳಿದೆ. ಅವ್ವ ನೆನಪು ಮಾಡಿಕೊಂಡು ಹೇಳಿದಳು. ಹದಿನೈದು ದಿನದ ಹಿಂದೆ, ಸಾದಾ ಬಟ್ಟೆಯಲ್ಲಿ ಒಬ್ಬರು ಬಂದಿದ್ದರು. ಕಾಗದ ನೋಡಿ ಏನೋ ಉದ್ದನೆಯ ಹೆಸರು ಓದಿ, ಇವರು ಇದ್ದಾರೆಯೇ ಎಂದರು. ಅಂಥವರು ಯಾರೂ ಇಲ್ಲ ಎಂದಳು ಅವ್ವ. ಫಾರೆನ್‌ನವರು ಯಾರಾದರೂ ಇದ್ದಾರೆಯೇ ಎಂದರು. ಇಲ್ಲ ಎಂದಳು. ಅವರು ಪಕ್ಕದ ಮನೆಯವರನ್ನೂ ಕೇಳಿದರು. ಆ ಮನೆಯ ಹೆಂಗಸೂ ಇಲ್ಲ ಎಂದರು. ಬಿಸಿಲು ಜೋರಾಗಿತ್ತು. ಅವ್ವ ಒಳಗಿನವಳಿಗೆ ನೀರು ತರಲು ಹೇಳಿದಳು. ನನ್ನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ತಂಬಿಗೆ ತಂದು ಅವರ ಕೈಗೆ ಕೊಟ್ಟಳು. ಅವರು ಕುಡಿದು, ಇವರು ಯಾರು ಎಂದರು. ಸೊಸೆ ಎಂದು ಹೇಳಿ ಅವ್ವ ಹೆಸರು ಹೇಳಿದಳು. ಅವರು ಅದನ್ನೂ ಬರೆದುಕೊಂಡು ಹೋದರು.

ಬರೆದುಕೊಂಡದ್ದೆಲ್ಲ ಸರಿಯಾಗಿಯೇ ಇತ್ತು. ನಾನು ಗೋಡೆಗೆ ಒರಗಿ ಕುಳಿತೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ತೋರುತ್ತಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಲಂಕೆಯಿಂದ, ಅವಳ ಅಣ್ಣ. ತಾಯಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿದೆ, ಮಾತು ನಿಂತಿದೆ, ಇನ್ನೆಷ್ಟು ದಿನ ಎಂದು ವೈದ್ಯರು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಅವಳು ತನ್ನ ತಾಯಿಯನ್ನು ಅಮ್ಮ ಎನ್ನುತ್ತಾಳೆ, ನನ್ನ ತಾಯಿಯನ್ನು ಅವ್ವ. ಆ ಸಂಜೆ ಅವಳು ಫೋನ್ ಹಿಡಿದುಕೊಂಡೇ ಹೇಳಿದ್ದು ಇಷ್ಟು: "ಅವ್ವ, ಅಮ್ಮನ್ನ ನೋಡ್ಲಿಕ್ಕಿ ಹೋಗ್ಬೇಕು ನಾ."

ಹೋಗುವುದು ಹೇಗೆ ಎಂಬುದೇ ಪ್ರಶ್ನೆಯಾಗಿತ್ತು. ಚೆನ್ನೈನಿಂದ ಕೊಲಂಬೊಗೆ ವಿಮಾನ ಮೇಲೇರಿ ಚಹ ಕುಡಿಯುವುದರೊಳಗೆ ಇಳಿಯುತ್ತದೆ. ಆದರೆ ಅವಳ ಹಳೆಯ ವೀಸಾದ ಅವಧಿ ಅಷ್ಟರಲ್ಲಿ ಮುಗಿದಿತ್ತು. ಅರ್ಜಿ ವಿಚಾರಣೆಯಲ್ಲಿರುವ ತನಕ ಇಲ್ಲಿ ಇರಬಹುದು. ಹೊರಗೆ ಹೋಗಬೇಕಾದರೆ ನಿರ್ಗಮನದ ಅನುಮತಿ ಬೇಕು, ಹೋದ ಕೂಡಲೇ ಈ ಅರ್ಜಿ ಮುಚ್ಚಿಹೋಗುತ್ತದೆ. ಮದುವೆಯಾಗಿ ಎರಡು ವರ್ಷವಾದ ಮೇಲೆ ಕೇಳಬಹುದಾದ ಕಾಯಂ ಕಾರ್ಡು ಒಂದಿದೆ, ಅದಕ್ಕೆ ಇನ್ನೂ ಕೆಲವು ತಿಂಗಳು ಬಾಕಿ. ನಾನು ಮಂಗಳವಾರ ಪೂರ್ತಿ ಫೋನಿನಲ್ಲಿ ಕಳೆದೆ. ಒಂದು ಕಡೆ ಸಂಗೀತ ಕೇಳಿಸಿದರು. ಇನ್ನೊಂದು ಕಡೆ ಮಿಂಚಂಚೆ ಕಳಿಸಿ ಎಂದರು. ಕಳಿಸಿದ್ದಕ್ಕೆ, ನಿಮ್ಮ ಪತ್ರ ತಲುಪಿದೆ, ಇದಕ್ಕೆ ಉತ್ತರಿಸಬೇಡಿ ಎಂದು ಯಂತ್ರದ ಉತ್ತರ ಬಂತು. ಕೊನೆಗೆ ಬೀದರಿನ ಗುಮಾಸ್ತರೇ ಸಂಜೆ ಫೋನ್ ಮಾಡಿ, ನಾಳೆ ಮೇಡಂ ಇರುತ್ತಾರೆ, ಇಲ್ಲ ಅಂದವರನ್ನೂ ಹೆಸರು ಬರೆಸಿದವರನ್ನೂ ಕರೆದುಕೊಂಡು ಬನ್ನಿ ಎಂದರು.

ಬುಧವಾರ ನಾವು ಮೂವರು ಭಾಲ್ಕಿಯಿಂದ ಬಂದೆವು. ಮಾವ ಔರಾದಿನಿಂದ ಮೊದಲ ಬಸ್ಸಿಗೆ ಹೊರಟಿದ್ದರು. ಜನವಾಡದ ಹತ್ತಿರ ಬಸ್ಸು ಕೆಟ್ಟು, ಯಾರದೋ ಬೈಕಿನ ಹಿಂದೆ ಕುಳಿತು, ಇಸ್ತ್ರಿ ಮಾಡಿದ ಧೋತ್ರಕ್ಕೆ ಕೆಸರು ಸಿಡಿಸಿಕೊಂಡು ಬಂದರು. ಇದಕ್ಕೂ ಸರಕಾರವೇ ಹೊಣೆ ಎಂಬಂತೆ ಮುಖ ಮಾಡಿದ್ದರು.

ಅಧಿಕಾರಿ ಮೇಡಂ ಕಲಬುರಗಿ ಕಡೆಯವರು, ನನ್ನದೇ ವಯಸ್ಸು. ನಮ್ಮನ್ನು ಕೂರಿಸಿ ಮೊದಲು ಅವ್ವನನ್ನು ಕೇಳಿದರು.

"ನಿಮ್ಮ ಮನ್ಯಾಗ ಯಾರ್ಯಾರು ಇರ್ತೀರಿ, ಅಮ್ಮ?"

"ನಾ, ನನ್ನ ಮಗ, ನನ್ನ ಸೊಸಿ."

"ಸೊಸಿ ಎಲ್ಲಿಯಾಕಿ?"

"ಲಂಕಾದಾಕಿ ರಿ."

"ಮತ್ತ ನಮ್ಮವರು ಬಂದು ಫಾರೆನ್‌ನವರು ಅದಾರೇನು ಅಂತ ಕೇಳಿದಾಗ ಇಲ್ಲ ಅಂದ್ರಂತ?"

"ಫಾರೆನ್‌ನವರು ಇಲ್ಲೇ ಇಲ್ರಿ. ಸೊಸಿ ಅದಾಳ. ಸೊಸಿ ಅದಾಳೇನು ಅಂತ ಕೇಳಿದ್ರ ಅದಾಳ ಅಂತಿದ್ದೆ."

ಮೇಡಂ ಪೆನ್ನು ಕೆಳಗಿಟ್ಟರು. ಗುಮಾಸ್ತರು ಕಡತದ ಕಡೆ ಮುಖ ತಿರುಗಿಸಿದರು. ಅವರ ಭುಜ ಅಲ್ಲಾಡುತ್ತಿತ್ತು. ಮಾವ ಕುರ್ಚಿಯ ತುದಿಗೆ ಬಂದು, ಹೆಸರು ಇಟ್ಟವನು ನಾನು ಎಂದರು, ಬಹುಮಾನಕ್ಕೆ ಕರೆಸಿದ್ದಾರೆಂಬ ದನಿಯಲ್ಲಿ.

"ಇಟ್ಟಿದ್ದು ತಪ್ಪಲ್ರಿ ಮೇಷ್ಟ್ರೇ," ಎಂದರು ಮೇಡಂ. "ರಿಜಿಸ್ಟರ್‌ದಾಗ ಬರೆಸೀರಿ ನೋಡ್ರಿ, ಅದು ತ್ರಾಸ ಆಗ್ಯಾದ."

"ನಮ್ಮ ಕಡಿ ಮನಿ ತುಂಬಿದ ಮ್ಯಾಲ ಹಳೀ ಹೆಸರು ಯಾರು ಕರೀತಾರ್ರಿ? ಇಕಿ ನಮ್ಮಕ್ಕ. ಇಕಿ ಹಳೀ ಹೆಸರು ಈಗ ನನಗೊಬ್ಬಂಗೇ ಗೊತ್ತದ."

"ನಂದೂ ಬದಲಿ ಮಾಡ್ಯಾರ ನಮ್ಮತ್ತಿ. ಮನ್ಯಾಗ ಹೊಸಾದು. ಸರ್ವಿಸ್ ಬುಕ್ಕಿನಾಗ ಹಳೀದು ಮುಟ್ಟಿಲ್ಲ."

ಮೇಡಂ ಒಂದು ಹೇಳಿಕೆ ಬರೆಸಿದರು: ಆ ಹೆಸರು ಮನೆಯಲ್ಲಿ ಕರೆಯುವುದಕ್ಕೆ ಮಾತ್ರ ಇಟ್ಟದ್ದು, ಈಕೆಯ ನಿಜವಾದ ಹೆಸರು ಪಾಸ್‌ಪೋರ್ಟಿನಲ್ಲಿರುವುದು. ಮಾವ ಎರಡು ಸಲ ಓದಿದರು. ನಿಜವಾದ ಎಂಬ ಮಾತಿನ ಮೇಲೆ ಬೆರಳಿಟ್ಟು, ಹಾಗಾದರೆ ನಾನು ಇಟ್ಟದ್ದು ಸುಳ್ಳೇ ಎಂದು ಕೇಳಿದರು. ಮೇಡಂ ಆ ಮಾತು ಹೊಡೆದು, ಅಧಿಕೃತ ಎಂದು ಬರೆದರು. ಆಮೇಲೆ ಮಾವ ಸಹಿ ಮಾಡಿದರು. ಅವ್ವನೂ ಮಾಡಿದಳು.

ಇದನ್ನೆಲ್ಲ ಇಂದೇ ಕಳಿಸುತ್ತೇನೆ, ಮರುಪರಿಶೀಲನೆ ಆಗುತ್ತದೆ, ಬೆಂಗಳೂರಿನಿಂದ ವಿಸ್ತರಣೆ ಬರಲು ಕೆಲವು ವಾರ ಹಿಡಿಯಬಹುದು ಎಂದರು ಮೇಡಂ. ನಿರ್ಗಮನದ ಅನುಮತಿ ಬೇಗ ಬರುತ್ತದೆ. ಆದರೆ ಅದನ್ನು ಹಿಡಿದು ಹೋದರೆ ಅಲ್ಲಿಂದ ಹೊಸ ವೀಸಾ ಕೇಳಬೇಕು. ಅವರು ಇದನ್ನು ನನಗೆ ಹೇಳುತ್ತಿದ್ದರು. ನನ್ನ ಹೆಂಡತಿ ಮುಂದೆ ಬಾಗಿದಳು.

"ಈಗ ಹೋದ್ರ ತಿರುಗಿ ಬರ್ಲಿಕ್ಕಿ ಎಷ್ಟು ದಿನಾ ಹಿಡೀತದ್ರಿ?"

"ಅದು ನನ್ನ ಕೈಯಾಗಿಲ್ಲಮ್ಮ. ಬರ್ತೀರಿ. ಯಾವಾಗ ಅಂತ ಹೇಳಾಕ ನನಗ ಬರಂಗಿಲ್ಲ."

ನಾನು ಲೆಕ್ಕ ಹಾಕುತ್ತಿದ್ದೆ. ಒಂದೆರಡು ವಾರ ತಡೆದರೆ ವಿಸ್ತರಣೆ ಬರಬಹುದು, ಹೋಗಿ ಹತ್ತು ದಿನಕ್ಕೆ ಬಂದುಬಿಡಬಹುದು. ಅದನ್ನೇ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದಳು. ಅವ್ವನಿಗೆ ಅವಳು ಹೋದರೆ ಬರುವಳೋ ಇಲ್ಲವೋ ಎಂಬ ಭಯವಿತ್ತು, ಅದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ನೌಬಾದ ದಾಟುವ ತನಕ ಅದನ್ನೇ ಹೇಳಿದ್ದಳು. ಈಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವನ ಮಾತು ಕೇಳಬ್ಯಾಡ. ಅವನ ಅವ್ವ ಇಲ್ಲೇ ಕುಂತಾಳ, ಅವಂಗೇನು ಗೊತ್ತು. ನೀ ಹೋಗು."

ನಿರ್ಗಮನದ ಅರ್ಜಿಯನ್ನು ಅಲ್ಲೇ, ಗುಮಾಸ್ತರ ಮೇಜಿನ ಮೇಲೆ ತುಂಬಿದೆವು. ಫೋಟೊದ ಹಿನ್ನೆಲೆಯ ಬಗ್ಗೆ ಯಂತ್ರ ಮತ್ತೆ ತಕರಾರು ಮಾಡಿತು. ಗುಮಾಸ್ತರು ಅವಳನ್ನು ತಮ್ಮ ಕೋಣೆಯ ಬಾಗಿಲ ಹಿಂದಿನ ಗೋಡೆಗೆ ನಿಲ್ಲಿಸಿ ತಾವೇ ಫೋಟೊ ತೆಗೆದರು. ಅದನ್ನು ಒಪ್ಪಿತು.

ಅನುಮತಿ ಆ ವಾರದಲ್ಲೇ ಬಂತು. ಕಾರಹುಣ್ಣಿಮೆಯ ಹಿಂದಿನ ದಿನ ಅವಳನ್ನು ಹೈದರಾಬಾದಿನಲ್ಲಿ ವಿಮಾನ ಹತ್ತಿಸಿದೆ. ಅವಳು ತಲುಪಿದಾಗ ಅಮ್ಮನಿಗೆ ಗುರುತು ಇತ್ತು. ಎಡಗೈಯಲ್ಲಿ ಇವಳ ಕೈ ಹಿಡಿದು ಬಿಡಲಿಲ್ಲವಂತೆ. ಮುಂದಿನ ಹುಣ್ಣಿಮೆ ಕಳೆದ ಮೇಲೆ ತೀರಿಕೊಂಡರು. ಅಷ್ಟು ದಿನವೂ ಮೀಯಿಸಿದ್ದು, ಉಣಿಸಿದ್ದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದು ಇವಳೇ. ನಾನು ಹೇಳಿದಂತೆ ತಡೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವಳು ಇಂದಿಗೂ ಆಡಿಲ್ಲ. ವಿಸ್ತರಣೆಯ ಅರ್ಜಿ ಮುಚ್ಚಿದೆ ಎಂಬ ಸಂದೇಶ ನನ್ನ ಮೊಬೈಲಿಗೆ ಬಂದದ್ದು ಅವರು ತೀರಿದ ವಾರ.

ಆಮೇಲೆ ಹೊಸ ವೀಸಾ. ಕೊಲಂಬೊದ ಭಾರತೀಯ ವೀಸಾ ಕಚೇರಿಯಲ್ಲಿ ಮದುವೆಯ ಪ್ರಮಾಣಪತ್ರ ಕೇಳಿದರು, ನೋಟರಿಯ ಕಾಗದ ನಡೆಯುವುದಿಲ್ಲ, ಪಾಸ್‌ಪೋರ್ಟಿನ ಹೆಸರೇ ಇರಬೇಕು ಎಂದರು. ಅಂದರೆ ಔರಾದಿನ ನೋಂದಣಿಯನ್ನು ತಿದ್ದಿಸಬೇಕು, ಅದಕ್ಕೆ ಅಂದಿನ ಸಾಕ್ಷಿಗಳು ಬರಬೇಕು. ಮಾವ ಆ ಕಚೇರಿಗೆ ಎಷ್ಟು ಸಲ ಅಲೆದರೋ ಅವರೂ ಲೆಕ್ಕವಿಡಲಿಲ್ಲ. ಒಮ್ಮೆ ಸಾಹೇಬರು ರಜೆಯಲ್ಲಿದ್ದರು, ಒಮ್ಮೆ ಕರೆಂಟ್ ಇರಲಿಲ್ಲ, ಒಮ್ಮೆ ಎರಡನೆಯ ಸಾಕ್ಷಿ ಪುಣೆಗೆ ಹೋಗಿದ್ದ. ಪ್ರತಿ ಸಲವೂ ಸಂಜೆ ನನಗೆ ಫೋನ್ ಮಾಡಿ, ವಿದ್ಯಾರ್ಥಿಗಳ ತಪ್ಪು ಹೇಳುವ ಹಾಗೆ ಒಂದೊಂದಾಗಿ ಹೇಳುತ್ತಿದ್ದರು. ಕೊನೆಗೆ ಎರಡು ಸಾಲಿನ ಆ ಹೆಸರನ್ನು ಅವರೇ ಹಾಳೆ ನೋಡದೆ ಅಕ್ಷರ ಅಕ್ಷರ ಹೇಳಿ ಬರೆಸಿದರಂತೆ. ಬಾಯಿಪಾಠ ಮಾಡಿದ್ದರು.

ದೀಪಾವಳಿಯ ಪಾಡ್ಯ ಕಳೆದು ಅವಳು ಬಂದಳು. ಬಂದ ಮೇಲೆ ಮತ್ತೆ ನೋಂದಣಿ, ಮತ್ತೆ ಬಿಳಿ ಗೋಡೆ, ಮತ್ತೆ ಪರಿಶೀಲನೆ. ಕಾಯಂ ಕಾರ್ಡಿಗೆ ಅರ್ಜಿ ಹಾಕಿದ್ದೇವೆ, ಅದು ವಿಚಾರಣೆಯಲ್ಲಿದೆ. ಕೊನೆಯ ಸಲ ಕೇಳಿದ್ದು, ಮೊದಲು ಒಂದು ಹೆಸರು ಇದ್ದು ಆಮೇಲೆ ತಿದ್ದಿಸಿದ್ದು ಯಾಕೆ ಎಂದು. ಉತ್ತರ ಬರೆದು ಕಳಿಸಿದ್ದೇನೆ. ಅದು ಇಷ್ಟು ಉದ್ದವಿರಲಿಲ್ಲ, ಐನೂರು ಅಕ್ಷರದ ಮಿತಿ ಇತ್ತು.

ಆ ಬುಧವಾರ ಆ ಕೋಣೆಯಲ್ಲಿ ನನ್ನನ್ನು ಬಿಟ್ಟು ಐದು ಜನ ಇದ್ದರು. ಸೋದರಮಾವ ಹೋದ ಚಳಿಗಾಲದಲ್ಲಿ ಔರಾದಿನಲ್ಲಿ ತೀರಿಕೊಂಡರು. ಉಳಿದವರು ಇದ್ದಾರೆ: ಬೇರೆ ಜಿಲ್ಲೆಗೆ ವರ್ಗವಾದ ಮೇಡಂ, ಬೀದರಿನಲ್ಲಿ ಅದೇ ಮೇಜಿನಲ್ಲಿರುವ ಗುಮಾಸ್ತರು, ಭಾಲ್ಕಿಯಲ್ಲಿ ನನ್ನ ತಾಯಿ ಮತ್ತು ನನ್ನ ಹೆಂಡತಿ.